ಗಾಡಿಮನೆ ಸಾಹುಕಾರರು

ಗಾಡಿಮನೆ ಸಾಹುಕಾರರು ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲೂ ಆಚೀಚೆಯ ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಸೀಮೆಯಲ್ಲೂ ಈಚೆಗೆ ಕಾಣಿಸಿಕೊಂಡಿರುವ ಒಂದು ಬಗೆಯ ಗೃಹಸ್ಥರು. ವಯಸ್ಸು ಐವತ್ತೈದು ದಾಟಿರುತ್ತದೆ. ಹಿರಿಯ ಮಗ ಬೆಂಗಳೂರಿನಲ್ಲಿ ಕಂಪನಿ ಸೇರಿರುತ್ತಾನೆ, ಕಿರಿಯವನು ಹೊಲ ನೋಡಿಕೊಳ್ಳುತ್ತಿರುತ್ತಾನೆ, ಹತ್ತಿಗೋ ಗೋವಿನಜೋಳಕ್ಕೋ ಒಂದು ವರ್ಷ ಎಂದಿಲ್ಲದ ರೇಟು ಸಿಕ್ಕಿರುತ್ತದೆ. ಈ ಮೂರೂ ಕೂಡಿಬಂದ ವರ್ಷ ಅವರು ಓಡಿ ದಣಿದ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಸೀಟು ಕಿತ್ತು, ಮಲಗುವುದಕ್ಕೆ ಮಂಚ, ಅಡುಗೆಗೆ ಕಟ್ಟೆ ಕೂಡಿಸಿ, ಇನ್ನು ಮುಂದೆ ಮಳೆ, ಚಳಿ, ಬೇಸಿಗೆ ಎನ್ನದೆ ಬೆಟ್ಟದ ಮೇಲಿನ ಊರಿಗೆ ಹೋಗಿಬರುವುದಾಗಿ ಸಾರುತ್ತಾರೆ. ಸಾರುವ ಸ್ಥಳ ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿ.

ಆಸೆ ಹುಟ್ಟುವುದು ಮೊಬೈಲಿನಲ್ಲಿ. ರಾತ್ರಿ ಊಟವಾದ ಮೇಲೆ ಸಾಹುಕಾರರು ಸ್ವಿಟ್ಜರ್ಲೆಂಡಿನ ಯೂಫ್ ಎಂಬ ಹಳ್ಳಿಯನ್ನು ನೋಡಿರುತ್ತಾರೆ. 2,126 ಮೀಟರ್ ಎತ್ತರದ ಈ ಊರು, ವರ್ಷವಿಡೀ ಜನ ವಾಸಿಸುವ ಯುರೋಪಿನ ಹಳ್ಳಿಗಳಲ್ಲೆಲ್ಲ ಎತ್ತರದ್ದೆಂದು ಹೆಸರಾದದ್ದು. ಅಲ್ಲಿಂದ ಬೆರಳು ಜಾರಿ ಹಿಮಾಚಲದ ಸ್ಪಿತಿ ಕಣಿವೆಗೆ, 4,587 ಮೀಟರಿನ ಕೋಮಿಕ್ ಹಳ್ಳಿಗೆ ಬಂದು ನಿಂತಿರುತ್ತದೆ. 9.02 ಕಿ.ಮೀ. ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್ 3ರಂದು ತೆರೆದದ್ದು, ಅದರಿಂದಾಗಿ ಮನಾಲಿ ಕಡೆಯಿಂದ ಲಾಹುಲಿಗೆ ಚಳಿಗಾಲದಲ್ಲೂ ಹೋಗಬಹುದಾದದ್ದು ಅವರಿಗೆ ಬಾಯಿಪಾಠ. ಸುರಂಗ ದಾಟಿದ ಮೇಲೂ ಸ್ಪಿತಿಗೆ ಇಳಿಯಬೇಕಾದರೆ ಕುಂಜುಂ ಘಾಟು ಹತ್ತಬೇಕು, ಅದು ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿರುತ್ತದೆ, ಆಗ ಶಿಮ್ಲಾ, ಕಿನ್ನೌರದ ಕಡೆಯಿಂದ ಸುತ್ತಿ ಬರಬೇಕು ಎಂಬ ಭಾಗ ಬಾಯಿಪಾಠದಲ್ಲಿ ಬರುವುದಿಲ್ಲ. ಲಡಾಖಿನಲ್ಲಿ ಸಾದಾ ಡೀಸೆಲ್ ಚಳಿಗೆ ಕೊಬ್ಬರಿ ಎಣ್ಣೆಯಂತೆ ಹೆಪ್ಪುಗಟ್ಟುವುದರಿಂದ 2019ರಲ್ಲಿ ಅಲ್ಲಿಗೆಂದೇ ಚಳಿಗಾಲದ ಡೀಸೆಲ್ ಬಂತು ಎಂದು ಬೆಂಗಳೂರಿನ ಮಗ ತಿಳಿಸಿದ ದಿನ ಹಿಮಾಲಯ ಮುಂದಿನ ವರ್ಷಕ್ಕೆ ಹೋಗುತ್ತದೆ. ಅದು ಪ್ರತಿವರ್ಷವೂ ಮುಂದಿನ ವರ್ಷಕ್ಕೇ ಹೋಗುತ್ತದೆ. ಅಲ್ಲಿಯವರೆಗೆ ರೂಢಿಯಾಗಲಿ ಎಂದು ಚಿಕ್ಕಮಗಳೂರಿನ ಗಿರಿಯನ್ನು ಗೊತ್ತುಮಾಡಿಕೊಳ್ಳುತ್ತಾರೆ.

ಗಾಡಿಯಲ್ಲಿ ಮೂರು ತರಗತಿ. ಕೆಳಗಿನದು ಮಾರುತಿ ಓಮ್ನಿ. ಕಂಪನಿಯವರು 2019ರಲ್ಲೇ ಇದನ್ನು ತಯಾರಿಸುವುದು ನಿಲ್ಲಿಸಿದರೂ ಈ ಭಾಗದಲ್ಲಿ ಅದಕ್ಕೆ ಸಾವಿಲ್ಲ. ಅದರೊಳಗೆ ಮಂಚ ಹಾಕಿದರೆ ಒಬ್ಬರು ಮಂಡಿ ಮಡಚಿ ಮಲಗಬಹುದು, ಇನ್ನೊಬ್ಬರು ಅವರನ್ನು ನೋಡುತ್ತ ಕೂರಬಹುದು. ನಡುವಿನದು ಕ್ರೂಸರ್. ಆದರೆ ಮದುವೆಯ ದಿಬ್ಬಣಕ್ಕೂ ಕೂಲಿಯವರನ್ನು ಒಯ್ಯುವುದಕ್ಕೂ ಊರವರು ಅದನ್ನು ಕೇಳುತ್ತಲೇ ಇರುವುದರಿಂದ ಮನೆಯಾಗುವ ಯೋಗ ಅದಕ್ಕೆ ಕಡಿಮೆ. ಮೇಲಿನ ತರಗತಿ ಟೆಂಪೋ ಟ್ರಾವೆಲರ್, ಅಂದರೆ ಟಿಟಿ. ಬಡಿಗೇರರು ಪ್ಲೈವುಡ್ ಕಪಾಟು ಕೂಡಿಸುತ್ತಾರೆ, ವೆಲ್ಡಿಂಗಿನವರು ನೆತ್ತಿಯ ಮೇಲೆ ನೀರಿನ ಟಾಕಿಗೆ ಕಟ್ಟು ಹಾಕುತ್ತಾರೆ, ಸಣ್ಣ ಸಿಲಿಂಡರು, ಬ್ಯಾಟರಿ, ಸೋಲಾರ್ ಹಲಗೆ ಬರುತ್ತವೆ, ದೇವರ ಜಗಲಿಗೆ ಡ್ರೈವರಿನ ಹಿಂದೆ ಒಂದು ಗೂಡು ಆಗುತ್ತದೆ. ಗಾಡಿಯ ರಚನೆ ಬದಲಿಸಬೇಕಾದರೆ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಆರ್‌ಟಿಒ ಅನುಮತಿ ಬೇಕು. ಸಾಹುಕಾರರು ಇದನ್ನು ಅಲ್ಲಗಳೆಯುವವರಲ್ಲ. ಯಾರು ಕೇಳಿದರೂ "ಮಾಡಸ್ಬೇಕು, ಮಾಡಸ್ಬೇಕು" ಎನ್ನುತ್ತಾರೆ.

ಗಾಡಿ ತುಂಬುವ ಕೆಲಸ ಎರಡು ದಿನ ನಡೆಯುತ್ತದೆ. ಖಡಕ್ ಜೋಳದ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಂಡಕ್ಕಿ ಚೀಲ, ಸವಣೂರ ಖಾರಾ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಸವಣೂರ ಎಲೆ, ಮನೆಯ ಬೋರಿನ ನೀರು. ಗಿರಿಯಲ್ಲಿ ನೀರಿಗೆ ಬರವಿಲ್ಲ, ಆದರೆ "ನೀರ ಬದಲಾದ್ರ ನೆಗಡಿ ಗ್ಯಾರಂಟಿ." ದಿಂಬು ಮನೆಯದೇ ಆಗಬೇಕು, ಚಹಾದ ಪಾತ್ರೆ ಮನೆಯದೇ ಆಗಬೇಕು, ಟಿವಿಯ ಧಾರಾವಾಹಿಯೂ ತಪ್ಪಬಾರದು. ಬದಲಾವಣೆ ಬೇಕೆಂದು ಹೊರಟವರು ಹೀಗೆ ಬದಲಾಗಬಹುದಾದ ಪ್ರತಿಯೊಂದನ್ನೂ ಮನೆಯಿಂದಲೇ ಹೇರಿಕೊಂಡು ಹೊರಡುವುದು ಈ ವರ್ಗದ ಮುಖ್ಯ ಲಕ್ಷಣ. ಸಾಹುಕಾರರ ಮನೆಯವರ ಅಭಿಪ್ರಾಯ ಚಿಕ್ಕದು: "ಇಲ್ಲೂ ರೊಟ್ಟಿ ಬಡಿಯೂದ, ಅಲ್ಲೂ ರೊಟ್ಟಿ ಬಡಿಯೂದ. ಅಲ್ಲಿ ಥಂಡಿ ಜಾಸ್ತಿ, ಅಷ್ಟ."

ಹಾವೇರಿ, ರಾಣೆಬೆನ್ನೂರು, ಹರಿಹರ ದಾಟಿ ಶಿವಮೊಗ್ಗ, ತರೀಕೆರೆಯ ಮೇಲೆ ಚಿಕ್ಕಮಗಳೂರು ಮುಟ್ಟುವುದು ವಾಡಿಕೆಯ ದಾರಿ. ಬೆಣ್ಣೆದೋಸೆಯ ನೆಪದಲ್ಲಿ ಕೆಲವರು ದಾವಣಗೆರೆಗೆ ಹೊರಳುತ್ತಾರೆ, ರೊಟ್ಟಿಯ ಗಂಟು ಬಿಚ್ಚದೆ ಉಳಿಯುತ್ತದೆ. ಚಿಕ್ಕಮಗಳೂರಿನಿಂದ ಮೇಲೆ ಕೈಮರದ ತನಿಖಾ ಠಾಣೆ. 2025ರ ಸೆಪ್ಟೆಂಬರಿನಿಂದ ಗಿರಿಗೆ ಹೋಗುವ ವಾಹನಗಳನ್ನು ಆನ್‌ಲೈನಿನಲ್ಲಿ ಮೊದಲೇ ನೋಂದಾಯಿಸಬೇಕು. ಸಾಹುಕಾರರು ಇದನ್ನು ತಿಳಿಯುವುದು ಠಾಣೆಯ ಮುಂದೆ, ನೋಂದಾಯಿಸುವುದು ಬೆಂಗಳೂರಿನ ಮಗನಿಂದ, ಫೋನಿನಲ್ಲಿ, ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿರುವಾಗ. ಆಮೇಲೆ ಸೀತಾಳಯ್ಯನ ಗಿರಿ, ರಾಜ್ಯದಲ್ಲೇ ಎತ್ತರವಾದ 1,930 ಮೀಟರಿನ ಮುಳ್ಳಯ್ಯನ ಗಿರಿ, ಬಾಬಾಬುಡನ್‌ಗಿರಿಯ ದಾರಿಯ ಅತ್ತಿಗುಂಡಿ. ಸಾಹುಕಾರರು ಚಹಾದಂಗಡಿಯಲ್ಲಿ ಹೇಳುತ್ತ ಬಂದ 'ಮ್ಯಾಲಿನ ಊರು' ಈ ಅತ್ತಿಗುಂಡಿ. ಬಾಬಾ ಬುಡನ್ ಹದಿನೇಳನೆಯ ಶತಮಾನದಲ್ಲಿ ಯೆಮನ್ನಿನಿಂದ ಏಳು ಕಾಫಿ ಬೀಜ ತಂದು ನೆಟ್ಟರೆಂಬ ಪ್ರತೀತಿ ಇರುವುದೂ ಈ ಗಿರಿಯಲ್ಲೇ. ಸಾಹುಕಾರರು ಅಲ್ಲಿ ನಿಂತು ಮನೆಯಿಂದ ತಂದ ಪುಡಿಯ ಚಹಾ ಕುಡಿಯುತ್ತಾರೆ.

ವರ್ಷವಿಡೀ ಎಂಬ ಮಾತು ಅವರ ಹೆಮ್ಮೆಯ ಮಾತಾದ್ದರಿಂದ ಋತುಗಳ ವಿವರ ಕೊಡಬೇಕಾಗುತ್ತದೆ. ಆಷಾಢ, ಶ್ರಾವಣದಲ್ಲಿ ಗಿರಿಯ ಮೇಲೆ ಗಾಡಿಯ ಮುಂದಿನ ಗಾಜು ಕಾಣುತ್ತದೆ, ಗಾಜಿನಾಚೆ ಏನೂ ಕಾಣುವುದಿಲ್ಲ. ಇಂಬಳ ಕಾಲಿಗೆ ಹತ್ತುತ್ತದೆ. ಬಯಲುಸೀಮೆಯ ಮನುಷ್ಯನಿಗೆ ನೋಯಿಸದೆ ರಕ್ತ ಹೀರುವ ಪ್ರಾಣಿಯ ಮೇಲೆ ಮೊದಲು ಬರುವುದು ಸಿಟ್ಟಲ್ಲ, ಆಶ್ಚರ್ಯ. ಗುಡ್ಡ ಕುಸಿದರೆ ದಾರಿಯೇ ಬಂದ್. ಮಳೆ ತೆರಪಾದ ಮೇಲೆ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಗಿರಿ ನಿಜಕ್ಕೂ ಚೆಲುವಾಗಿರುತ್ತದೆ. ಹುಲ್ಲು ಹಸಿರು, ಶೋಲಾ ಕಾಡು ಕಪ್ಪು, ಹಳ್ಳ ತುಂಬಿರುತ್ತವೆ. ಆದರೆ ಊರಲ್ಲಿ ಅದು ಗೋವಿನಜೋಳ ಮುರಿಯುವ ಹೊತ್ತು, ಹೊರಡಲಾಗುವುದಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿ 2022ರಲ್ಲಿ ಇಲ್ಲಿ ಗುಡ್ಡ ತುಂಬ ಅರಳಿದಾಗಲೂ ಹೀಗೇ ಆಯಿತು. ಸಾಹುಕಾರರು 2034ನ್ನು ಗುರುತುಹಾಕಿಕೊಂಡಿದ್ದಾರೆ.

ದೀಪಾವಳಿಗೆ ಹೋದರೆ ಮಲ್ಲೇನಹಳ್ಳಿಯ ಹತ್ತಿರ ಬಿಂಡಿಗದ ದೇವಿರಮ್ಮನ ಬೆಟ್ಟ ಹತ್ತುವ ಜನಸಾಗರ. ಡಿಸೆಂಬರಿನಲ್ಲಿ ಹೋದರೆ ದತ್ತ ಜಯಂತಿಯ ಹೊತ್ತಿಗೆ ಕೆಲವು ದಿನ ಪ್ರವಾಸಿಗರಿಗೆ ಗಿರಿಯ ದಾರಿ ಮುಚ್ಚಿರುತ್ತದೆ. ವರ್ಷದ ಕೊನೆಯ ರಜೆಯಲ್ಲಿ ಗಾಡಿಗಳ ಸಾಲಿನಲ್ಲಿ ನಿಂತು ಮುಂದಿನ ಗಾಡಿಯ ನಂಬರ್ ಪ್ಲೇಟು ಓದಬಹುದು. ಮಾರ್ಚ್, ಏಪ್ರಿಲಿನ ಹೂಮಳೆಗೆ ಕಾಫಿ ತೋಟ ಬೆಳ್ಳಗೆ ಅರಳಿ ಘಮಗುಡುತ್ತದೆ, ಆದರೆ ಗುಡ್ಡದ ಹುಲ್ಲು ಒಣಗಿರುತ್ತದೆ, ಕಾಳ್ಗಿಚ್ಚಿನ ಹೊಗೆ ಇರುತ್ತದೆ. ಯಾವ ಕಾಲದಲ್ಲಿ ಹೋಗಿ ಬಂದರೂ ಸಾಹುಕಾರರ ವರದಿ ಒಂದೇ. "ಏನ್ ನೋಡಿದ್ರಿ ಸಾವ್ಕಾರ್ರ?" ಎಂದರೆ "ಈಗ ಸೀಸನ್ ಅಲ್ಲಪಾ, ಸೀಸನ್‌ದಾಗ ನೋಡ್ಬೇಕ ಅದನ್ನ" ಎನ್ನುತ್ತಾರೆ.

ವಾಸದ ಬಗ್ಗೆ ಎರಡು ಮಾತು. ಎತ್ತರ ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಹಾವೇರಿ ಸೀಮೆಯ ಬಯಲು 600 ಮೀಟರಿನ ಆಸುಪಾಸಿನಲ್ಲಿರುವುದರಿಂದ ಮುಳ್ಳಯ್ಯನ ಗಿರಿಯ ನೆತ್ತಿ ಅದಕ್ಕಿಂತ ಎಂಟೊಂಬತ್ತು ಡಿಗ್ರಿ ತಣ್ಣಗಿರಬೇಕು, ಗಾಳಿ ಬೇರೆ. ತಗಡಿನ ಗಾಡಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಅಷ್ಟು ಎತ್ತರದಲ್ಲಿ ನೀರು 94 ಡಿಗ್ರಿಯ ಹತ್ತಿರವೇ ಕುದಿಯುವುದರಿಂದ ಬೇಳೆ ಬೇಯಲು ತಡ. ಕೋಮಿಕ್ ಎತ್ತರದಲ್ಲಾದರೆ 85ರ ಸುತ್ತ ಕುದಿಯುತ್ತದೆ, ಕುಕ್ಕರಿಲ್ಲದೆ ಬೇಳೆಯ ಆಸೆ ಬಿಡಬೇಕು. ಸಂಜೆಯಾದ ಮೇಲೆ ಗಿರಿಯ ಮೇಲೆ ಪ್ರವಾಸಿಗರು ಉಳಿಯುವಂತಿಲ್ಲವಾದ್ದರಿಂದ ಸಾಹುಕಾರರು ಕೆಳಗಿನ ತೋಟದ ಹೋಂಸ್ಟೇ ಅಂಗಳದಲ್ಲಿ ಗಾಡಿ ನಿಲ್ಲಿಸಲು ಕೇಳುತ್ತಾರೆ. ಮೊದಲು ಜಾಗಕ್ಕೆ ಬಾಡಿಗೆ ಕೊಡುತ್ತಾರೆ, ಆಮೇಲೆ ಪಾಯಿಖಾನೆಗೆ, ಆಮೇಲೆ ಬಿಸಿನೀರಿಗೆ. ರಾತ್ರಿ ಹತ್ತಕ್ಕೆ ಚಳಿ ತಡೆಯದೆ ರೂಮನ್ನೇ ಹಿಡಿಯುತ್ತಾರೆ. ಗಾಡಿಯಲ್ಲಿ ಡ್ರೈವರು ಮಲಗುತ್ತಾನೆ. ಬೆಟ್ಟದ ಮೇಲೆ ಗಾಡಿಮನೆಯಲ್ಲಿ ರಾತ್ರಿ ಕಳೆದ ಅನುಭವ ನಿಜವಾಗಿ ಇರುವುದು ಅವನೊಬ್ಬನಿಗೆ. ಅವನನ್ನು ಯಾರೂ ಕೇಳುವುದಿಲ್ಲ.

ಊರಿನ ಹಿರಿಯರು ಈ ಸಾಹಸಕ್ಕೆ ಬೆರಗಾಗದಿರಲು ಕಾರಣವಿದೆ. ಭಾರತ ಹುಣ್ಣಿಮೆಯ ಉಳವಿ ಚನ್ನಬಸವೇಶ್ವರನ ಜಾತ್ರೆಗೆ ಧಾರವಾಡ, ಬೆಳಗಾವಿ, ಹಾವೇರಿ ಸೀಮೆಯ ರೈತರು ಚಕ್ಕಡಿ, ಕೊಲ್ಲಾರಿ ಬಂಡಿ ಕಟ್ಟಿಕೊಂಡು ಜೋಯಿಡಾದ ದಟ್ಟ ಕಾಡಿನ ಘಟ್ಟ ಹತ್ತುತ್ತ ಬಂದವರು. ಬಂಡಿಯಲ್ಲೇ ಬುತ್ತಿ, ಬಂಡಿಯಲ್ಲೇ ಹಾಸಿಗೆ, ಬಂಡಿಯ ಅಡಿಯಲ್ಲೇ ಒಲೆ, ಎತ್ತಿನ ಹೊಟ್ಟೂ ಮೇವೂ ಅದರಲ್ಲೇ. ವಾರಗಟ್ಟಲೆ ದಾರಿಯ ಈ ಸಂಸಾರಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. "ನಮ್ಮಪ್ಪ ಉಳವಿಗೆ ಇದಕ್ಕಿಂತ ದೊಡ್ಡ ಮನೀನ ಎತ್ತಿನ ಮ್ಯಾಲ ಒಯ್ದಿದ್ದ, ಡೀಸೆಲ್ ಸುದ್ದೀನ ಇದ್ದಿಲ್ಲ" ಎಂದು ಕಟ್ಟೆಯ ಮೇಲಿನ ಅಜ್ಜನೊಬ್ಬ ಅಂದರೆ ಸಾಹುಕಾರರು ಸೋಲೊಪ್ಪುವುದಿಲ್ಲ: "ಅದಕ್ಕ ಸೋಲಾರ್ ಇತ್ತೇನ್ ಅಜ್ಜಾ?" ಅಜ್ಜನ ಕಡೆಯ ವಾದವೇ ಗಟ್ಟಿ ಎನ್ನಬೇಕು. ಉಳವಿಗೆ ಹೋದವರು ದೇವರನ್ನು ನೋಡಿಯೇ ಬರುತ್ತಿದ್ದರು, ಸೀಸನ್ ಕೇಳುತ್ತಿರಲಿಲ್ಲ.

ಪ್ರವಾಸವಿಲ್ಲದ ದಿನಗಳಲ್ಲಿ, ಅಂದರೆ ವರ್ಷದ ಬಹುಭಾಗ, ಗಾಡಿ ಹಿತ್ತಲಿನಲ್ಲಿ ನಿಲ್ಲುತ್ತದೆ. ಮೊದಲ ವರ್ಷ ಮೊಮ್ಮಕ್ಕಳು ಅದರಲ್ಲಿ ಆಡುತ್ತಾರೆ. ಎರಡನೆಯ ವರ್ಷ ಮೆಣಸಿನಕಾಯಿ ಚೀಲ ಏರುತ್ತವೆ, ಮಂಚದ ಮೇಲೆ ಬಿತ್ತನೆ ಬೀಜ ಬರುತ್ತದೆ, ಇಲಿ ಬರುತ್ತದೆ, ಇಲಿಗಾಗಿ ಬೆಕ್ಕು ಬಂದು ಅಡುಗೆಯ ಕಪಾಟಿನಲ್ಲಿ ಮರಿ ಹಾಕುತ್ತದೆ. ಮೂರನೆಯ ವರ್ಷ ಸಾಹುಕಾರರು ಗಾಡಿ ಮಾರುವ ಮಾತು ತೆಗೆಯುತ್ತಾರೆ. ಹಿಮಾಲಯಕ್ಕೆ ಇದಕ್ಕಿಂತ ದೊಡ್ಡದು ಬೇಕಂತೆ. ಕೊಳ್ಳುವ ಮನಸ್ಸಿರುವವರು ಆರ್‌ಸಿಯಲ್ಲಿ ಎಷ್ಟು ಸೀಟು ಬರೆದಿದೆ, ಒಳಗೆ ಎಷ್ಟು ಉಳಿದಿವೆ ಎಂದು ಎಣಿಸಿಕೊಂಡು ಆಮೇಲೆ ಸಂಚಕಾರ ಕೊಡಬೇಕು.