ಬಿಚ್ಚದ ಬೀಗದ ಬಿಚ್ಚುಮಾತು

ಬೆಂಗಳೂರಿನ ಪೊಲೀಸ್ ಠಾಣೆಯೊಂದರ ಮುದ್ದೆಮಾಲು ಕೋಣೆ. ಚಕ್ರವಿಲ್ಲದ ಬೈಕು, ಎರಡು ಕುಕ್ಕರು, ಯಾರದೋ ಮೋಟಾರು ಪಂಪು. ಇವುಗಳ ನಡುವೆ ಬಿಳಿ ಬಟ್ಟೆಯಲ್ಲಿ ಹೊಲಿಸಿಕೊಂಡು, ಮೇಲೆ ಅರಗಿನ ಮುದ್ರೆ ಒತ್ತಿಸಿಕೊಂಡು ಕುಳಿತಿದ್ದವರು ಏಳು ಲಿವರಿನ ಒಂದು ಹಿತ್ತಾಳೆ ಬೀಗ. ಮನೆಯವರು ಮದುವೆಗೆಂದು ಊರಿಗೆ ಹೋಗಿದ್ದಾಗ ನಡೆದ ಕಳವಿಗೆ ಇವರೊಬ್ಬರೇ ಸಾಕ್ಷಿ. ಬಟ್ಟೆಯೊಳಗಿಂದಲೇ ಮಾತಾಡಿದರು.

ನಾನು: ನಮಸ್ಕಾರ ಬೀಗರಾಯರೇ. ಕಳ್ಳ ನಿಮ್ಮನ್ನು ಒಡೆದದ್ದು ಎಷ್ಟು ಗಂಟೆಗೆ?

ಬೀಗ: ಮೊದಲು ಆ ಮಾತು ವಾಪಸು ತಗೊಳ್ಳಿ. ಬೀಗ ಒಡೆದರು, ಬೀಗ ಮುರಿದರು ಅಂತ ಪೇಪರಿನವರು ಬರೆದುಬಿಡ್ತೀರಿ. ನಾನು ಇವತ್ತಿಗೂ ಲಾಕಾಗೇ ಇದ್ದೀನಿ. ನನ್ನ ಊರು ದಿಂಡಿಗಲ್ಲು ಸ್ವಾಮಿ, ನಿಮ್ಮ ಹೈದರಾಲಿ ಫೌಜುದಾರನಾಗಿದ್ದ ಊರು. 2019ರಲ್ಲಿ ನಮ್ಮ ಬೀಗಕ್ಕೆ ಜಿಐ ಟ್ಯಾಗ್ ಸಿಕ್ಕಿತು, ಮೈಸೂರು ರೇಷ್ಮೆಗೆ, ಚನ್ನಪಟ್ಟಣದ ಗೊಂಬೆಗೆ ಕೊಟ್ಟಂಥದ್ದೇ. ಏಳು ಲಿವರೂ ತಮ್ಮ ತಮ್ಮ ಎತ್ತರಕ್ಕೆ ಎದ್ದು ನಿಂತರೆ ಮಾತ್ರ ನಾನು ಬಾಯಿ ಬಿಡೋದು. ಕಳ್ಳ ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ನಾನು: ಮತ್ತೆ ಒಳಗೆ ಹೋದದ್ದು ಹೇಗೆ?

ಬೀಗ: ಕೊಂಡಿ ಮೀಟಿ. ಯಜಮಾನರು ತೇಗದ ಬಾಗಿಲು ಮಾಡಿಸಿ ಅದರ ಮೇಲೆ ಅಷ್ಟಲಕ್ಷ್ಮಿಯರನ್ನು ಕೆತ್ತಿಸಿದ್ರು. ಎಸ್‌ಜೆಪಿ ರಸ್ತೆಗೆ ಹೋಗಿ ಚೌಕಾಸಿ ಮಾಡಿ ನನ್ನನ್ನು ತಂದ್ರು. ಕೊಂಡಿಯ ಹೊತ್ತಿಗೆ ದುಡ್ಡು ಮುಗಿದಿತ್ತು. ತೆಳು ತಗಡಿನ ಕೊಂಡಿ, ಅರ್ಧ ಇಂಚಿನ ನಾಲ್ಕು ಸ್ಕ್ರೂ. ಚೌಕಟ್ಟಿನ ಮರದೊಳಕ್ಕೆ ಉದ್ದನೆ ಸ್ಕ್ರೂ ಇಳಿಸಬೇಕಿತ್ತು, ಇಲ್ಲಾಂದ್ರೆ ಬೋಲ್ಟು ತೂರಿಸಿ ಒಳಗಿಂದ ನಟ್ಟು ಬಿಗಿಸಬೇಕಿತ್ತು. ಅವನು ಕಬ್ಬಿಣದ ರಾಡನ್ನು ಕೊಂಡಿಯ ಹಿಂದೆ ತೂರಿಸಿದ, ಒಮ್ಮೆ ಮೀಟಿದ. ಅಷ್ಟಲಕ್ಷ್ಮಿಯರಿಗೆ ಒಂದು ಗೀರೂ ಬೀಳಲಿಲ್ಲ. ಕೊಂಡಿ ಸಮೇತ ನಾನು ನೆಲಕ್ಕೆ ಬಿದ್ದೆ, ಲಾಕಾಗೇ.

ನಾನು: ಏನೇ ಆಗಲಿ, ಕಾವಲು ನಿಮ್ಮ ಕೆಲಸವಲ್ಲವೇ?

ಬೀಗ: ಕಾವಲೇ? ನಾನಿರೋದು ಪ್ರಚಾರ ವಿಭಾಗದಲ್ಲಿ. ಬಾಗಿಲ ಹೊರಗೆ ನೇತಾಡೋ ಬೀಗ ಅಂದ್ರೆ ಮನೇಲಿ ಯಾರೂ ಇಲ್ಲ ಅನ್ನೋ ಬೋರ್ಡು. ಹಿಂದೆ ಇದೇ ಊರಿನಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರು, ದೆವ್ವ ಓದ್ಕೊಂಡು ಮರ್ಯಾದೆಯಾಗಿ ವಾಪಸು ಹೋಗ್ತಿತ್ತಂತೆ. ನನ್ನನ್ನು ನೇತುಹಾಕೋದು ‘ಇವತ್ತೇ ಬಾ’ ಅಂತ ಬರೆದ ಹಾಗೆ. ಬಾಗಿಲ ಹೊಟ್ಟೆಯೊಳಗೇ ಕೂರೋ ಲಾಕು ಇದೆಯಲ್ಲ, ಅದಾದ್ರೆ ಒಳಗೆ ಜನ ಇದ್ದಾರೋ ಇಲ್ವೋ ಬೀದಿಯಲ್ಲಿ ಹೋಗೋನಿಗೆ ತಿಳಿಯಲ್ಲ. ನನ್ನ ಹೊಟ್ಟೆಪಾಡಿಗೇ ಕಲ್ಲು ಬೀಳೋ ಮಾತು, ಆದ್ರೂ ಹೇಳ್ತಿದ್ದೀನಿ.

ನಾನು: ಒಂದು ಬೀಗ ಕಂಡ ಮಾತ್ರಕ್ಕೆ ಕಳ್ಳ ನಂಬುತ್ತಾನೆಯೇ?

ಬೀಗ: ನಂಬಲಿ ಅಂತ ಮನೆಯವರೇ ಪುರಾವೆ ಒದಗಿಸಿದ್ರಲ್ಲ! ಗೇಟಿನೊಳಗೆ ನಾಲ್ಕು ದಿನದ ಪೇಪರು. ಗೇಟಿಗೆ ನೇತುಹಾಕಿದ ಚೀಲದಲ್ಲಿ ಒಡೆದ ಹಾಲು. ಹೊಸ್ತಿಲ ಮುಂದೆ ರಂಗೋಲಿ ಇಲ್ಲ. ಕಳ್ಳ ಹೆದರಲಿ ಅಂತ ವರಾಂಡದ ಲೈಟು ಹಾಕಿಟ್ಟು ಹೋಗಿದ್ರು, ಅದು ಮಟಮಟ ಮಧ್ಯಾಹ್ನವೂ ಉರೀತಿತ್ತು. ಸಾಲದ್ದಕ್ಕೆ ಅಮ್ಮಾವ್ರು ಛತ್ರದಿಂದ ಗಂಟೆಗೊಂದು ಸ್ಟೇಟಸ್. ಪಕ್ಕದ ಮನೆಯವರಿಗೆ ಮಾತ್ರ ಹೇಳಲಿಲ್ಲ, ದೃಷ್ಟಿಯಾಗುತ್ತಂತೆ. ರಜೆ ಬಂತು ಅಂದ್ರೆ ಪೊಲೀಸರು, ಊರಿಗೆ ಹೋಗೋ ಮುಂಚೆ ಠಾಣೆಗೆ ತಿಳಿಸಿ, ಬೀಟಿನವರು ಒಂದು ಕಣ್ಣಿಟ್ಟಿರ್ತಾರೆ ಅಂತ ಹೇಳ್ತಾನೇ ಇರ್ತಾರೆ. ಮನೆ ಖಾಲಿ ಇದೆ ಅಂತ ಪೊಲೀಸರಿಗೆ ಹೇಳೋದಾ ಅಂದ್ರು ಯಜಮಾನರು. ವಾಟ್ಸಾಪಿನಲ್ಲಿ ಮುನ್ನೂರು ಜನಕ್ಕೆ ಹೇಳಬಹುದು.

(ಇಷ್ಟು ಹೇಳುವಾಗ ಬಟ್ಟೆಯೊಳಗೆ ಕಟಕಟ ಸದ್ದಾಯಿತು. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ, ಆದ್ದರಿಂದ ನಗುವೇ ಇರಬೇಕು.)

ನಾನು: ಸಿಸಿಟಿವಿ ಇತ್ತಲ್ಲ?

ಬೀಗ: ನಾಲ್ಕು ಕ್ಯಾಮೆರಾ. ಎಲ್ಲಾ ಸೊಗಸಾಗಿ ಚಿತ್ರೀಕರಿಸಿದ್ವು. ರೆಕಾರ್ಡ್ ಆಗೋ ಡಿವಿಆರ್ ಪೆಟ್ಟಿಗೆ ಟಿವಿ ಕೆಳಗೇ ಇತ್ತು. ಹೋಗುವಾಗ ಅದನ್ನೂ ಎತ್ಕೊಂಡು ಹೋದ.

ನಾನು: ಒಡವೆಯನ್ನಾದರೂ ಬ್ಯಾಂಕ್ ಲಾಕರಿನಲ್ಲಿ ಇಡಬಹುದಿತ್ತು.

ಬೀಗ: ಯಜಮಾನರು ಓದಿಕೊಂಡವರು. ರಿಸರ್ವ್ ಬ್ಯಾಂಕಿನ ಹೊಸ ನಿಯಮ 2022ರ ಜನವರಿ 1ರಿಂದ ಜಾರಿಯಲ್ಲಿದೆ, ಬ್ಯಾಂಕಿನಲ್ಲಿ ಕಳ್ಳತನ ಆದ್ರೆ ಲಾಕರಿನ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ ಬ್ಯಾಂಕಿನ ಹೊಣೆ ಅಂತ ಅವರಿಗೆ ಗೊತ್ತಿತ್ತು. 2,000 ರೂಪಾಯಿ ಬಾಡಿಗೆಗೆ 2 ಲಕ್ಷ. ಇಷ್ಟು ಕಮ್ಮಿ ಕೊಡೋರನ್ನ ನಂಬೋದು ಹೇಗೆ ಅಂತ ಒಡವೆಯನ್ನೆಲ್ಲ ತಂದು ಬೀರುವಿನಲ್ಲಿಟ್ಟರು. ಮನೇಲೇ ಕಳವಾದ್ರೆ ಎಷ್ಟು ಪಟ್ಟು ಸಿಗುತ್ತೆ ಅನ್ನೋ ಲೆಕ್ಕ ಹಾಕಲಿಲ್ಲ. ಬೀರುವಿನ ಬೀಗದ ಕೈ ಬೀರುವಿನ ತಲೆ ಮೇಲೇ ಇತ್ತು. ಅವನು ಮೊದಲು ಕೈ ಆಡಿಸಿದ್ದೇ ಅಲ್ಲಿ.

ನಾನು: ತನಿಖೆ ಎಲ್ಲಿಗೆ ಬಂತು?

ಬೀಗ: 112ಕ್ಕೆ ಫೋನ್ ಮಾಡಿದ್ರು, ಪೊಲೀಸರು ಬಂದ್ರು. ಬೆರಳಚ್ಚಿನವರು ಬರೋ ಅಷ್ಟರಲ್ಲಿ ನೆಂಟರೆಲ್ಲ ಬೀರುವನ್ನು ಒಂದೊಂದು ಸಲ ಮುಟ್ಟಿ ನೋಡಿ ಅಯ್ಯೋ ಅಂದಾಗಿತ್ತು. ಶ್ವಾನದಳದ ನಾಯಿ ಬಸ್ ಸ್ಟಾಪಿನವರೆಗೆ ಓಡಿ ಅಲ್ಲೇ ಕೂತಿತು. ಇಬ್ಬರು ಪಂಚರ ಸಮಕ್ಷಮ ಮಹಜರು ಬರೆದು ನನ್ನನ್ನು ಹೊಲಿದು ಮುದ್ರೆ ಹಾಕಿದ್ರು. ಇಂಥ ಕಳವಿಗೆ ಮೊದಲು ಐಪಿಸಿ ಸೆಕ್ಷನ್ 457, 380 ಅಂತ ಬರೀತಿದ್ರು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು 331, 305 ಆಗಿದೆ. ಕಳ್ಳನ ರಾಡು ಹಳೇದೇ.

ನಾನು: ಮನೆಯವರು ಮತ್ತೆ ಬಂದಿದ್ದರೇ?

ಬೀಗ: ನಿನ್ನೆ ಬಂದಿದ್ರು. ಇನ್ನು ಭಯವಿಲ್ಲ ಅಂತ ಸಾಹೇಬರ ಹತ್ರ ಹೇಳ್ತಿದ್ರು. ನನಗಿಂತ ಒಂದೂವರೆ ಪಟ್ಟು ದೊಡ್ಡ ಬೀಗ ತಂದಿದ್ದಾರಂತೆ, ಹತ್ತು ಲಿವರಿಂದು.

ನಾನು: ಕೊಂಡಿ?

ಬೀಗ: ಕೊಂಡಿಯೂ ಹೊಸದೇ. ಹಳೇ ತೂತಿಗೇ ಹೊಡೆಸಿದ್ದಾರೆ. ಸ್ಕ್ರೂ ನಿಲ್ತಿರಲಿಲ್ಲವಂತೆ, ಬಡಗಿ ಬೆಂಕಿಕಡ್ಡಿ ತುರುಕಿ ಬಿಗಿ ಮಾಡಿಕೊಟ್ಟನಂತೆ.