ಅಡಿಷನಲ್ ಶೀಟ್ ಕೇಳಿದ ಗಿಟಾರು

ನನ್ನ ಅಕ್ಕನ ಮಗ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದಾನೆ. ವಾರವಿಡೀ ಸಾಫ್ಟ್‌ವೇರ್ ಕೆಲಸ, ಶನಿವಾರ ಭಾನುವಾರ ಹಳೇ ಗಿಟಾರು ಹುಡುಕುವ ಕೆಲಸ. ಗಿಟಾರು ನುಡಿಸುತ್ತಾನೆ ಎಂದು ಬರೆಯಲು ಕೈ ಹೊರಟಿತ್ತು, ತಡೆದೆ. ಕೂಡಿಡುತ್ತಾನೆ ಎಂದರೆ ಸಾಕು. ಅವನ ಮನೆಗೆ ಹೋಗಿದ್ದಾಗ, ಊಟದ ತಟ್ಟೆ ತೊಳೆಯುವುದಕ್ಕೂ ಬಿಡದೆ ಬೇಸ್‌ಮೆಂಟಿಗೆ ಎಳೆದೊಯ್ದು ಒಂದು ಗಿಟಾರು ಕೈಗಿಟ್ಟ. ಎಳನೀರಿನ ಗೊನೆಯಷ್ಟು ಭಾರ.

“ಗಿಬ್ಸನ್ ಲೆಸ್ ಪಾಲ್ ಅಲ್ವೇನೋ ಇದು?” ಎಂದೆ. ಹಾಸ್ಟೆಲ್ ಗೋಡೆಗೆ ಅದರ ಚಿತ್ರ ಅಂಟಿಸಿಕೊಂಡಿದ್ದವನು ನಾನು, ಅಷ್ಟಾದರೂ ಗೊತ್ತಾಗುತ್ತದೆ.

“ಅಲ್ಲ ಮಾಮ, ಕಾಪಿ!” ಎಂದ. ಅಸಲಿ ಇಟ್ಟುಕೊಂಡವರ ಮುಖದಲ್ಲೂ ಅಂಥ ಹೆಮ್ಮೆ ಕಂಡಿಲ್ಲ. “ಎಲೆಕ್ಟ್ರಾ ಎಂಪಿಸಿ. ನಮ್ಮೂರಿಂದೇ. ಸೇಂಟ್ ಲೂಯಿಸ್ ಮ್ಯೂಸಿಕ್ ಅನ್ನೋ ಕಂಪನಿದು.”

ಅವನ ಊರಾಭಿಮಾನಕ್ಕೆ ಆಧಾರವಿದೆ, ಅರ್ಧ. ಹೆಸರು ಸೇಂಟ್ ಲೂಯಿಸ್‌ದಾದರೂ ಗಿಟಾರು ಹುಟ್ಟಿದ್ದು ಜಪಾನಿನ ಮಾಟ್ಸುಮೊಟೊ ಪಟ್ಟಣದಲ್ಲಿ, ಮಾಟ್ಸುಮೊಕು ಎಂಬ ಕಾರ್ಖಾನೆಯಲ್ಲಿ. ಗಿಟಾರಿಗೆ ಕೈ ಹಾಕುವ ಮೊದಲು ಅವರು ಸಿಂಗರ್ ಹೊಲಿಗೆ ಯಂತ್ರಗಳಿಗೆ ಮರದ ಪೆಟ್ಟಿಗೆ ಮಾಡಿಕೊಡುತ್ತಿದ್ದರು. ಇದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮಮ್ಮನ ಹೊಲಿಗೆ ಮಿಷನ್ನೂ ಲೆಸ್ ಪಾಲ್ ಹಿಡಿದ ಲೆಡ್ ಜೆಪೆಲಿನ್ ಬ್ಯಾಂಡೂ ಎಲ್ಲೋ ದೂರದಲ್ಲಿ ಬೀಗರಾದಂತಾಯಿತು.

1970ರ ದಶಕ ಜಪಾನಿ ಕಾಪಿಗಳ ಸುಗ್ಗಿ. ಗಿಬ್ಸನ್ನಿನವರು 1952ರಲ್ಲಿ ತಂದ ಲೆಸ್ ಪಾಲ್ ಎಲ್ಲರಿಗೂ ಬೇಕು, ಕೊಳ್ಳುವಷ್ಟು ದುಡ್ಡು ಎಲ್ಲರಲ್ಲೂ ಇಲ್ಲ. ಇಬನೆಜ್, ಗ್ರೆಕೊ, ಆರಿಯಾ, ಎಲೆಕ್ಟ್ರಾ ಎಲ್ಲರೂ ಅದೇ ಮೈಕಟ್ಟು, ಅದೇ ಬಣ್ಣ ಎತ್ತಿದರು. ಒಳಗೆ ಮಾತ್ರ ಲೆಕ್ಕಾಚಾರ. ಅಸಲಿಯಲ್ಲಿ ಕತ್ತನ್ನು ಅಂಟು ಹಾಕಿ ಕೂಡಿಸಿದರೆ, ಬಹಳಷ್ಟು ಕಾಪಿಗಳಲ್ಲಿ ನಾಲ್ಕು ಸ್ಕ್ರೂ ಜಡಿದು ಕೈತೊಳೆದುಕೊಂಡರು. ಕೆಲವುಗಳ ಉಬ್ಬಿದ ಎದೆ ಪ್ಲೈವುಡ್ಡಿನದು, ತಟ್ಟಿದರೆ ಟೊಳ್ಳು ಸದ್ದು. ನಾವೇನು ನಗಬೇಕಾಗಿಲ್ಲ. ಕಲ್ಕತ್ತೆಯ ಗಿವ್ಸನ್, ಹೋಬ್ನರ್ ಗಿಟಾರುಗಳ ಮೇಲೆ ಬೆರಳು ಕುಯ್ದುಕೊಂಡೇ ನಮ್ಮ ಕಡೆಯ ಎಷ್ಟೋ ಹುಡುಗರು ಗಿಟಾರು ಕಲಿತದ್ದು.

ಕೊನೆಗೆ ಗಿಬ್ಸನ್ನಿನ ಮಾತೃಸಂಸ್ಥೆ ನಾರ್ಲಿನ್, 1977ರ ಜೂನ್‌ನಲ್ಲಿ ಫಿಲಡೆಲ್ಫಿಯಾದ ಕೋರ್ಟಿನಲ್ಲಿ ಇಬನೆಜ್‌ನ ಅಮೆರಿಕದ ಶಾಖೆ ಎಲ್ಗರ್ ಮೇಲೆ ದಾವೆ ಹೂಡಿತು. ದೂರು ಇಡೀ ಗಿಟಾರಿನ ಬಗ್ಗೆ ಅಲ್ಲ, ಬಿರಡೆಗಳಿರುವ ತಲೆಯ ಆಕಾರದ ಬಗ್ಗೆ. ತಮಾಷೆಯೆಂದರೆ ಅಷ್ಟು ಹೊತ್ತಿಗೆ ಇಬನೆಜ್‌ನವರು ಆ ತಲೆಯನ್ನು ಬದಲಾಯಿಸಿಯೇ ಬಿಟ್ಟಿದ್ದರು. ಮರುವರ್ಷ ಕೋರ್ಟಿನ ಹೊರಗೇ ರಾಜಿಯಾಯಿತು. ಆದರೆ ಕಟಕಟೆಯ ಮೆಟ್ಟಿಲನ್ನೇ ಹತ್ತದ ನೂರೆಂಟು ಜಾತಿಯ ಗಿಟಾರುಗಳನ್ನು ಇವತ್ತಿಗೂ ‘ಲಾಸೂಟ್ ಗಿಟಾರ್’, ಅಂದರೆ ದಾವೆಯ ಗಿಟಾರು, ಎಂದು ಕರೆದು ರೇಟು ಏರಿಸುತ್ತಾರೆ. ಕೇಸಿದೆ ಎಂದರೆ ಸೈಟಿನ ಬೆಲೆ ಇಳಿಯುವ ಊರಿನಿಂದ ಬಂದವನಿಗೆ ಇದು ಅರಗುವ ಮಾತಲ್ಲ.

“ಇರು ಮಾಮ, ಅಸಲು ಮಜಾ ಹಿಂದೆ ಇದೆ,” ಎಂದು ಅಳಿಯ ಗಿಟಾರನ್ನು ಮಗುಚಿದ. ಬೆನ್ನಿನಲ್ಲೊಂದು ಮುಚ್ಚಳ. ಅದನ್ನು ತೆಗೆದರೆ ಗೂಡು. ಗೂಡಿನೊಳಗೆ ಒಂಬತ್ತು ವೋಲ್ಟಿನ ಬ್ಯಾಟರಿಯ ಜೊತೆ ಸದ್ದಿನ ಬಣ್ಣ ಬದಲಿಸುವ ಎರಡು ಪುಟ್ಟ ‘ಎಫೆಕ್ಟ್’ ಡಬ್ಬಿ: ಒಂದು ಫೇಸ್ ಶಿಫ್ಟರ್, ಇನ್ನೊಂದು ಡೈನಾಮಿಕ್ ಫಜ್. ಬೇಡವೆನಿಸಿದರೆ ಕಿತ್ತು ಆಟೋ ವಾ, ಆಕ್ಟೇವ್ ಬಾಕ್ಸ್, ಟ್ಯಾಂಕ್ ಟೋನ್ ಹೀಗೆ ಬೇರೆ ಡಬ್ಬಿ ಸಿಕ್ಕಿಸಬಹುದು. ‘ಫ್ರಾಗ್ ನೋಸ್’ ಎಂಬುದೂ ಒಂದಿದೆಯಂತೆ. ಆಗ ‘ಪಿಗ್‌ನೋಸ್’ ಎಂಬ ಪುಟಾಣಿ ಆಂಪ್ಲಿಫಯರ್ ಹೆಸರು ಮಾಡಿತ್ತು. ಮೈಯನ್ನು ಗಿಬ್ಸನ್ನಿನಿಂದ ತಂದವರಿಗೆ ಮೂಗು ಬೇರೆ ಕಡೆಯಿಂದ ತರಲು ಏನು ಸಂಕೋಚ?

ನನಗೆ ಆ ಗಿಟಾರಿನ ಮೇಲೆ ಮಮತೆ ಹುಟ್ಟಿದ್ದು ಇಲ್ಲಿ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರವನ್ನು ಅಕ್ಷರ ಬಿಡದೆ ಇಳಿಸಿ, ಇನ್ನೂ ಟೈಮಿದೆಯಲ್ಲ ಎಂದು ಅಡಿಷನಲ್ ಶೀಟ್ ಕೇಳುವ ಹುಡುಗನಿರುತ್ತಾನೆ ನೋಡಿ, ಅವನೇ ಇವನು. ಆ ಹೆಚ್ಚುವರಿ ಹಾಳೆಯಲ್ಲಿರುವುದು ಮಾತ್ರ ಅವನದೇ ತಲೆ.

ಒಳಗೇ ಎಫೆಕ್ಟ್ ಇಡುವ ಹುಚ್ಚಿಗೆ ಹಿರಿಯರೂ ಇದ್ದಾರೆ. 1967ರ ಸುಮಾರಿಗೆ ಇಟಲಿಯಲ್ಲಿ ತಯಾರಾದ ವಾಕ್ಸ್ ಗಿಟಾರುಗಳಲ್ಲಿ ಫಜ್ಜು, ಬೂಸ್ಟು, ಸಾಲದ್ದಕ್ಕೆ ಅಂಗೈಯಿಂದ ಒತ್ತುವ ವಾ-ವಾ ಕೂಡ ಇತ್ತು. ಶ್ರುತಿ ಮಾಡಿಕೊಳ್ಳಲು ಒಂದು ಸ್ವರವನ್ನೂ ಗಿಟಾರೇ ಕೊಡುತ್ತಿತ್ತು. ಶ್ರುತಿಪೆಟ್ಟಿಗೆಯವರ ಹೊಟ್ಟೆಯ ಮೇಲೂ ಹೊಡೆದಂತೆ.

ಅಳಿಯ ವೈರು ಚುಚ್ಚಿ ಫೇಸ್ ಶಿಫ್ಟರ್ ಸ್ವಿಚ್ಚು ಒತ್ತಿದ. ಸದ್ದಿನ ಒಂದು ಪಾಲಿನ ಅಲೆಗಳನ್ನು ಹಿಂದುಮುಂದು ಮಾಡಿ ಮತ್ತೆ ಮೂಲದ ಜೊತೆ ಬೆರೆಸುತ್ತಾರಂತೆ. ಆಗ ಕೆಲವು ಕಂಪನಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಹಾಗೆ ಬಿದ್ದ ಗುಂಡಿ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿರುತ್ತದೆ. ಕಿವಿಗೆ ಬಿದ್ದದ್ದು ಮಾತ್ರ, ಹಳೆಯ ಸಿನಿಮಾದಲ್ಲಿ ಬೆಲ್‌ಬಾಟಮ್ ಹಾಕಿದ ಖಳನಾಯಕ ಮೆಟ್ಟಿಲಿಳಿದು ಬರುವ ಸದ್ದು. ಬಲು ಸೊಗಸಾಗಿತ್ತು. ಫಜ್ ಹಾಕುವಷ್ಟರಲ್ಲಿ ಬ್ಯಾಟರಿ ಸತ್ತಿತು.

ಬ್ಯಾಟರಿ ಹಾಳಾಗಲಿ, ಇಡೀ ಯೋಜನೆಯ ಕುತ್ತಿರುವುದು ಮನುಷ್ಯನ ಮೈಯಲ್ಲೇ. ಗಿಟಾರು ನುಡಿಸುವವನ ಎರಡು ಕೈಗೂ ಪುರಸೊತ್ತಿಲ್ಲ, ಎರಡು ಕಾಲಿಗೂ ಕೆಲಸವಿಲ್ಲ. ಎಂಪಿಸಿ ಮಾಡಿದವರು ಸ್ವಿಚ್ಚು ಕೊಟ್ಟದ್ದು ಕೈಗೆ. ಹಾಡಿನ ನಡುವೆ ಎಫೆಕ್ಟ್ ಬೇಕೆಂದರೆ ನುಡಿಸುವುದನ್ನು ನಿಲ್ಲಿಸಿ ಸ್ವಿಚ್ಚು ಒತ್ತಬೇಕು. ದಾವೆ ಹೂಡಿದ ಅದೇ 1977ರಲ್ಲಿ, ಅದೇ ಜಪಾನಿನಲ್ಲಿ, ಬಾಸ್ ಕಂಪನಿಯವರು ಕಾಲಲ್ಲಿ ಒತ್ತುವ ಪುಟ್ಟ ಪೆಡಲುಗಳನ್ನು ಹೊರತಂದರು. ಬೇಸರವಾದರೆ ಮಾರಬಹುದು. ಅಲ್ಲಿಗೆ ವ್ಯವಹಾರ ಮುಗಿಯಿತು. 1984ರ ಸುಮಾರಿಗೆ ಎಲೆಕ್ಟ್ರಾ ಹೆಸರು ವೆಸ್ಟೋನ್ ಆಯಿತು, 1987ರಲ್ಲಿ ಮಾಟ್ಸುಮೊಕು ಕಾರ್ಖಾನೆಯೇ ಮುಚ್ಚಿತು.

ಅಳಿಯನಿಗೆ ಈಗ ಉಳಿದ ಡಬ್ಬಿಗಳನ್ನೆಲ್ಲ ಕೂಡಿಹಾಕುವ ಹಟ. ಅವನು ಬ್ಯಾಟರಿ ತರಲು ಮೇಲೆ ಹೋದಾಗ ಅವನ ಹೆಂಡತಿ ಕಾಫಿ ಹಿಡಿದು ಕೆಳಗಿಳಿದಳು. ತೆರೆದ ಗೂಡನ್ನು ನೋಡಿ, “ಇಷ್ಟೆಲ್ಲ ಒಳಗೇ ಇಟ್ಟಿದಾರಲ್ಲ ಮಾಮ, ನುಡಿಸೋಕೆ ಬರೋ ಹಾಗೆ ಮಾಡೋ ಡಬ್ಬಿ ಯಾವ್ದೂ ಇಲ್ವಂತಾ?” ಎಂದಳು.

ಅವನು ಮೆಟ್ಟಿಲ ಮೇಲಿಂದಲೇ ಕೇಳಿಸಿಕೊಂಡ. ನಾನು ನಗು ತಡೆದುಕೊಂಡೆ. ಅವನೋ ಕ್ಷಣ ಯೋಚಿಸಿ, ಪೂರಾ ಗಂಭೀರವಾಗಿ, “ಇಲ್ಲ, ಲಿಸ್ಟಲ್ಲಿ ಅದಿಲ್ಲ,” ಎಂದ.