ನೆತ್ತಿಯ ಮೇಲಿನ ಕಿಟಕಿ

ನನ್ನ ಕ್ಯಾಮೆರಾ ಡಿಜಿಟಲ್ಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೋಡಿದವರು ಯಾರೂ ನಂಬುವುದಿಲ್ಲ. ‘ಇದಕ್ಕೆ ರೋಲು ಈಗಲೂ ಸಿಗುತ್ತಾ ಸಾರ್?’ ಎಂದು ಭಕ್ತಿಯಿಂದ ಕೇಳುತ್ತಾರೆ. ತಿರುಗಿಸಿ ಹಿಂಬದಿಯ ಎರಡೂವರೆ ಇಂಚಿನ ಪರದೆ ತೋರಿಸಿದ ಕೂಡಲೇ ಆ ಭಕ್ತಿ ಇಳಿದುಹೋಗುತ್ತದೆ. ಅದು ಲೈಕಾ ಎಂ9, 2009ರಲ್ಲಿ ಬಂದದ್ದು. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇದ್ದ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಎಂಬ ಹೆಗ್ಗಳಿಕೆ ಅದರದು. ಯಾರೋ ಪುಣ್ಯಾತ್ಮರು ಹೊಸದು ಬಂತೆಂದು ಮಾರಿದರು, ಹಳತಾಯಿತೆಂದು ನಾನು ಕೊಂಡೆ.

ಜನರ ಅನುಮಾನಕ್ಕೆ ನಿಜವಾದ ಕಾರಣ ಕ್ಯಾಮೆರಾ ಅಲ್ಲ. ಅದರ ನೆತ್ತಿಯ ಮೇಲೆ ನಾನು ಸಿಕ್ಕಿಸಿರುವ, ಹೆಬ್ಬೆರಳಿನಷ್ಟುದ್ದದ ಗಾಜಿನ ವ್ಯೂಫೈಂಡರು. ಅದಕ್ಕೆ ತಂತಿಯಿಲ್ಲ, ಬ್ಯಾಟರಿಯಿಲ್ಲ, ಕೆಳಗಿರುವ ಕ್ಯಾಮೆರಾದೊಂದಿಗೆ ಮಾತುಕತೆಯೇ ಇಲ್ಲ. ಯಾವ ಲೆನ್ಸ್ ಹಾಕಿದೆ, ಬೆಳಕು ಎಷ್ಟಿದೆ, ಫೋಕಸ್ ಎಲ್ಲಿದೆ, ಕಾರ್ಡಿನಲ್ಲಿ ಜಾಗ ಉಂಟೋ ಇಲ್ಲವೋ, ಒಂದೂ ಅದಕ್ಕೆ ಗೊತ್ತಿಲ್ಲ. ಲೆನ್ಸಿನ ಮುಚ್ಚಳ ತೆಗೆಯದೇ ಇದ್ದರೂ ಲೋಕ ಅದರೊಳಗೆ ಝಗಝಗಿಸುತ್ತಿರುತ್ತದೆ. ಇಷ್ಟು ನಿಶ್ಚಿಂತೆಯ ವಸ್ತುವಿಗೆ ಅಂಗಡಿಯವರು ಹೇಳುವ ಬೆಲೆ ಕೇಳಿದರೆ ಮಾತ್ರ ನಮ್ಮ ನಿಶ್ಚಿಂತೆ ಹಾರಿಹೋಗುತ್ತದೆ.

ಇದು ಯಾಕೆ ಬೇಕು ಎಂದು ಮನೆಯಲ್ಲಿ ಬಹಳ ಸಲ ವಿವರಿಸಿ ಸೋತಿದ್ದೇನೆ. ಇಲ್ಲಿ ಓದುಗರು ಎದ್ದು ಅಡುಗೆಮನೆಗೆ ಹೋಗುವಂತಿಲ್ಲವಾದ್ದರಿಂದ ಇನ್ನೊಮ್ಮೆ ನೋಡೋಣ. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ನೋಡುವುದು ಲೆನ್ಸಿನ ಮೂಲಕ ಅಲ್ಲ, ಮೂಲೆಯಲ್ಲಿರುವ ಒಂದು ಕಿಟಕಿಯ ಮೂಲಕ. ಅದರ ನಟ್ಟನಡುವೆ ಸಣ್ಣ ಚೌಕದಲ್ಲಿ ಇನ್ನೊಂದು ಬಿಂಬ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸಿ ಎರಡು ಬಿಂಬವನ್ನೂ ಕೂಡಿಸಿದರೆ ಫೋಕಸ್ ಆಯಿತು. ಚಿತ್ರದಲ್ಲಿ ಎಷ್ಟು ಬರುತ್ತದೆಂದು ತಿಳಿಯಲು ಬಿಳಿಗೆರೆಯ ಚೌಕಟ್ಟು: 50 ಮಿ.ಮೀ. ಲೆನ್ಸಿಗೆ ಒಂದು, 35ಕ್ಕೆ ಅದಕ್ಕಿಂತ ದೊಡ್ಡದೊಂದು. 28ಕ್ಕೆ ಬರುವ ಹೊತ್ತಿಗೆ ಗೆರೆ ಕಿಟಕಿಯ ಅಂಚಿಗೇ ಹೋಗಿ ಮುಟ್ಟುತ್ತದೆ. ಕನ್ನಡಕದವರಿಗೆ ಅದೂ ಪೂರ್ತಿ ಕಾಣದು. ಇನ್ನು ಮೂಲೆಯಿಂದ ಮೂಲೆಗೆ 92 ಡಿಗ್ರಿ ನುಂಗುವ 21 ಮಿ.ಮೀ. ಲೆನ್ಸ್ ಹಾಕಿದರೆ ಕಿಟಕಿಯೇ ಸಾಲದು. ಆಗ ನೆತ್ತಿಯ ಮೇಲಿನ ‘ಶೂ’ ಎಂಬ ಕೊಂಡಿಗೆ ಬೇರೆ ಕಿಟಕಿ ಹತ್ತಿಸಬೇಕು.

ಆ ಶೂ ಇರುವುದೇ ಫ್ಲ್ಯಾಶಿಗೆ ಎಂದು ಎಲ್ಲರ ತಿಳಿವಳಿಕೆ. ಅಸಲಿಗೆ ಅದು ಬಂದದ್ದು ಬೇರೆ ಕೆಲಸಕ್ಕೆ. 1925ರಲ್ಲಿ ಓಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಮಾರುಕಟ್ಟೆಗೆ ಬಂದಾಗ ಅದರಲ್ಲಿ ನೋಡುವ ಕಿಟಕಿ ಇತ್ತು, ದೂರ ಅಳೆಯುವ ಸಾಧನ ಇರಲಿಲ್ಲ. ಅದನ್ನು ಬೇರೆ ಕೊಂಡು, ನೆತ್ತಿಗೆ ಸಿಕ್ಕಿಸಿ, ದೂರ ಅಳೆದು, ಬಂದ ಅಂಕಿಯನ್ನು ಕೈಯಾರೆ ಲೆನ್ಸಿನ ಮೇಲೆ ಇಡಬೇಕಿತ್ತು. 1932ರ ಎರಡನೆಯ ಮಾದರಿಯಲ್ಲಿ ಅಳತೆಯವನು ಒಳಮನೆ ಸೇರಿಕೊಂಡ. ತೆರವಾದ ಜಗಲಿಯ ಮೇಲೆ ಬಗೆಬಗೆಯ ವ್ಯೂಫೈಂಡರುಗಳು ಬಂದು ಕೂತವು. ‘ವಿಡಾಮ್’ ಎಂಬುದೊಂದಿತ್ತು. ಬಿಂಬವನ್ನು ಎಡಬಲ ಅದಲುಬದಲು ಮಾಡಿ ತೋರಿಸುವುದು ಅದರ ಜಾಯಮಾನ. ಬಲಕ್ಕೆ ಓಡುವ ಮಗು ಅದರಲ್ಲಿ ಎಡಕ್ಕೆ ಓಡುತ್ತದೆ. ಕ್ಯಾಮೆರಾವನ್ನು ಉದ್ದುದ್ದ ನಿಲ್ಲಿಸಿ ಹಿಡಿದರೆ ಊರೇ ತಲೆಕೆಳಗು. ಅಂಥದ್ದನ್ನು ಇಟ್ಟುಕೊಂಡೂ ಆಗಿನವರು ಒಳ್ಳೊಳ್ಳೆಯ ಚಿತ್ರ ತೆಗೆದರು. ಈಗ ಫೋನು ಅರ್ಧ ಕ್ಷಣ ತಡಮಾಡಿದರೆ ನಾವು ಸರ್ವಿಸ್ ಸೆಂಟರಿಗೆ ಓಡುತ್ತೇವೆ. 1954ರ ಎಂ3ರಲ್ಲಿ ಚೌಕಟ್ಟಿನ ಗೆರೆಗಳೂ ಒಳಗೆ ಬಂದವು. ಇನ್ನು ಹೊರಗಿನವರಿಗೆ ಕೆಲಸವಿಲ್ಲ ಅನ್ನುವಷ್ಟರಲ್ಲಿ, 1958ರಲ್ಲಿ, ಇದೇ 21ರ ಲೆನ್ಸ್ ಬಂದು ಅವರ ನೌಕರಿ ಉಳಿಸಿತು.

ಡಿಜಿಟಲ್ ಬಂದ ಮೇಲೆ ಒಂದಿಷ್ಟು ಲೆಕ್ಕಾಚಾರವೂ ಸೇರಿಕೊಂಡಿತು. 2004ರ ಎಪ್ಸನ್ ಆರ್‌ಡಿ1, 2006ರ ಲೈಕಾ ಎಂ8, ಎರಡರದ್ದೂ ಚಿಕ್ಕ ಸೆನ್ಸರು. ಎಂ8ರಲ್ಲಿ ಲೆನ್ಸಿನ ಅಂಕಿಯನ್ನು 1.33ರಿಂದ ಗುಣಿಸಿಕೊಳ್ಳಬೇಕು. ಅಂದರೆ ಕೆಳಗೆ 21ರ ಲೆನ್ಸು, ಮೇಲೆ 28ರ ವ್ಯೂಫೈಂಡರು. ಎಪ್ಸನ್ನಿಗೆ ಒಂದೂವರೆ ಮಗ್ಗಿ. ಅಜ್ಜಂದಿರು ಬಿಟ್ಟುಹೋದ ಹಳೆಯ ವ್ಯೂಫೈಂಡರುಗಳನ್ನು ಪೆಟ್ಟಿಗೆಯಿಂದ ತೆಗೆದು, ಯಾವುದರ ಮೇಲೆ ಯಾವುದು ಕೂರುತ್ತದೆಂದು ಜಾತಕ ನೋಡಿದವರು ಎಷ್ಟೋ ಜನ. ಎಂ9ರಲ್ಲಿ 21 ಅಂದರೆ ಇಪ್ಪತ್ತೊಂದೇ. ನನ್ನ ಗಣಿತಕ್ಕೆ ಅದೇ ಸರಿ.

ಈ ಮೇಲಿನ ಕಿಟಕಿಯ ನಿಜವಾದ ಪರೀಕ್ಷೆ ನಡೆಯುವುದು ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ. ಕಾರ್ತಿಕದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಹೆಜ್ಜೆ ಹಿಂದಿಡಲು ಜಾಗವಿರುವುದಿಲ್ಲ. ಹಿಂದೆ ಸರಿದರೆ ಯಾರದೋ ಕಡಲೆಕಾಯಿ ಗುಡ್ಡೆ, ಮುಂದೆ ಬಂದರೆ ಯಾರದೋ ಬೆಂಡು ಬತ್ತಾಸಿನ ತಟ್ಟೆ. ಅಗಲದ ಲೆನ್ಸಿಗೆ ಹೇಳಿಮಾಡಿಸಿದ ಜಾಗ. ಕೈಪಿಡಿಯ ವಿಧಾನ ಏನೆಂದರೆ, ಒಳಗಿನ ಕಿಟಕಿಯಲ್ಲಿ ನೋಡಿ ಫೋಕಸ್ ಮಾಡು, ಕಣ್ಣನ್ನು ಮೇಲಿನ ಕಿಟಕಿಗೆ ಏರಿಸು, ಚೌಕಟ್ಟು ಸರಿಮಾಡು, ಒತ್ತು. ಕಣ್ಣು ಕೆಳಗಿನಿಂದ ಮೇಲಕ್ಕೆ ಹೋಗುವಷ್ಟರಲ್ಲಿ ನಗುತ್ತಿದ್ದ ಮುದುಕ ನಗು ಮುಗಿಸಿ ಬೆನ್ನು ಹಾಕಿರುತ್ತಾನೆ. ಅದಕ್ಕೇ ಬಲ್ಲವರು ಫೋಕಸ್ಸಿನ ಗೋಜಿಗೇ ಹೋಗುವುದಿಲ್ಲ. ಅಪರ್ಚರ್ ಎಫ್ 8, ದೂರ ಎರಡು ಮೀಟರಿಗೆ ತುಸು ಒಳಗೆ ಇಟ್ಟುಬಿಟ್ಟರೆ ಸುಮಾರು ಒಂದು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಇದು ಫಿಲ್ಮ್ ಕಾಲದ ಲೆಕ್ಕ. ಕಂಪ್ಯೂಟರಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುವ ಚಟದವರಿಗೆ ದಿಗಂತ ಸ್ವಲ್ಪ ಮೆತ್ತಗೆ ಕಂಡೀತು. ಪರಿಷೆಯಲ್ಲಿ ದಿಗಂತಕ್ಕೆ ಯಾರು ಅಳುತ್ತಾರೆ? ಆಮೇಲೆ ಉಳಿಯುವ ಕೆಲಸ ಮೇಲಿನ ಕಿಟಕಿಯಲ್ಲಿ ನೋಡುವುದು, ಒತ್ತುವುದು, ಅಷ್ಟೇ.

ಗೋಣಿಚೀಲದ ಮೇಲೆ ಕೂತು ಸೇರಿನಲ್ಲಿ ಅಳೆಯುತ್ತಿದ್ದ ಹೆಂಗಸೊಬ್ಬರು ನಾನು ಈ ಮುದ್ರೆಯಲ್ಲಿ ನಿಂತದ್ದನ್ನು ನೋಡುತ್ತಲೇ ಇದ್ದರು. ಕೊನೆಗೆ ತಡೆಯಲಾರದೆ, ‘ರಸ್ತೆ ಅಗಲ ಮಾಡಕ್ಕೆ ಅಳತೆ ತಗೊಂತಿದೀರಾ ಸಾ?’ ಎಂದರು.

‘ಇಲ್ಲಮ್ಮ, ಫೋಟೋ.’

‘ಫೋಟೋಗೆ ಒಂದ್ ಕಣ್ ಸಾಕಲ್ವಾ? ಅದ್ಯಾಕೆ ಮ್ಯಾಕೂ ಒಂದು ಇಕ್ಕವ್ರೆ?’

ಉತ್ತರ ಹೊಳೆಯದೆ ಅರ್ಧ ಸೇರು ಹಸಿಕಾಯಿ ಕೊಂಡೆ. ಪಕ್ಕದಲ್ಲೇ ಪೇಟ ಸುತ್ತಿಕೊಂಡು ಕೂತಿದ್ದ ಅವರ ಯಜಮಾನರ ಚಿತ್ರ ತೆಗೆಯುವಾಗ ಚೌಕಟ್ಟಿನ ಮೇಲ್ಗೆರೆಯನ್ನು ಪೇಟಕ್ಕಿಂತ ಒಂದು ಗೇಣು ಮೇಲಕ್ಕೆ ಎತ್ತಿಯೇ ಹಿಡಿದೆ. ಅದಕ್ಕೆ ಕಾರಣವಿದೆ. ಮೇಲಿನ ಕಿಟಕಿ ಲೆನ್ಸಿಗಿಂತ ಆರೇಳು ಸೆಂಟಿಮೀಟರ್ ಎತ್ತರದಲ್ಲಿದೆ; ಅದು ಕಂಡದ್ದು ಲೆನ್ಸ್ ಕಂಡದ್ದಕ್ಕಿಂತ ಅಷ್ಟೇ ಮೇಲಿನದು. ದೂರದ ಗೋಪುರ ತೆಗೆಯುವಾಗ ಈ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಆದರೆ ಒಂದು ಮೀಟರ್ ದೂರದಲ್ಲಿ 21ರ ಲೆನ್ಸ್ ಹಿಡಿಯುವ ಎತ್ತರವೇ 114 ಸೆಂಟಿಮೀಟರ್. ಅದರಲ್ಲಿ ಮೇಲಿನಿಂದ ಆರೇಳು ಹೋದರೆ ಪೇಟದ ಅರ್ಧ ಹೋಯಿತು, ಕೆಳಗಿನಿಂದ ಬೇಡದ ಗೋಣಿಚೀಲ ಬಂತು. ಕ್ಯಾಮೆರಾದ ಒಳಗಿನ ಗೆರೆಗಳಾದರೋ ಫೋಕಸ್ ಮಾಡಿದಂತೆ ತಾವೇ ಸರಿದು ಈ ತಪ್ಪನ್ನು ತಿದ್ದಿಕೊಳ್ಳುತ್ತವೆ. ಮೇಲಿನವನು ಯಾರ ಮಾತನ್ನೂ ಕೇಳುವವನಲ್ಲ. ಸೊಟ್ಟ ಬೇರೆ ತೋರಿಸುತ್ತಾನೆ: ವಿಧಾನಸೌಧದ ಮುಂದೆ ನಿಂತರೆ ಅಂಚಿನ ಕಂಬಗಳು ಹೊಟ್ಟೆ ಉಬ್ಬಿಸಿ ನಿಲ್ಲುತ್ತವೆ, ಚಿತ್ರದಲ್ಲಿ ನೋಡಿದರೆ ನೆಟ್ಟಗಿರುತ್ತವೆ.

ಹೀಗೆ ಸುಳ್ಳು ಹೇಳುವವನನ್ನು ತಲೆಯ ಮೇಲೆ ಕೂರಿಸಿಕೊಳ್ಳಬಹುದೇ ಎಂದರೆ, ಡಿಜಿಟಲ್ ಉಪಯೋಗಕ್ಕೆ ಬರುವುದು ಇಲ್ಲೇ. ಫಿಲ್ಮಿನ ಕಾಲದಲ್ಲಿ ರೋಲು ಮುಗಿದು, ಸ್ಟುಡಿಯೋದವರು ತೊಳೆದು ಕೊಟ್ಟ ಮೇಲೆ ಪೇಟ ಹೋದದ್ದು ತಿಳಿಯುತ್ತಿತ್ತು. ಅಷ್ಟರಲ್ಲಿ ಎಲ್ಲಿ ನಿಂತಿದ್ದೆವು, ಎಷ್ಟು ಹತ್ತಿರ ಇದ್ದೆವು ಎಲ್ಲ ಮರೆತಿರುತ್ತಿತ್ತು. ಈಗ ಒತ್ತಿದ ಮರುಕ್ಷಣ ಹಿಂದಿನ ಪರದೆ ಚಾಡಿ ಹೇಳುತ್ತದೆ. ಸುಳ್ಳುಗಾರನ ಸುಳ್ಳಿಗೂ ಒಂದು ಕ್ರಮವಿರುತ್ತದೆ, ಆ ಕ್ರಮ ಬೇಗ ಕೈಗೆ ಹತ್ತುತ್ತದೆ. ಹತ್ತಿದ ಮೇಲೆ ಪರದೆ ನೋಡುವುದನ್ನು ಬಿಟ್ಟುಬಿಡಬಹುದು. ಎಂ9ರ ಪರದೆಯಲ್ಲಿ ತೆಗೆದದ್ದನ್ನು ನೋಡಬಹುದೇ ಹೊರತು ತೆಗೆಯಲಿರುವುದನ್ನು ನೋಡುವಂತಿಲ್ಲ. ನನಗದು ವರವೇ ಆಗಿದೆ.

ತೆಗೆಯಲಿರುವುದನ್ನೂ ತೋರಿಸುವ ಸೌಕರ್ಯ 2012ರಲ್ಲಿ ಪ್ರಕಟವಾದ ಮುಂದಿನ ಮಾದರಿಯಲ್ಲಿ ಬಂತು. ಜೊತೆಗೆ ಅದೇ ಶೂಗೆ ಸಿಕ್ಕಿಸುವ ಎಲೆಕ್ಟ್ರಾನಿಕ್ ವ್ಯೂಫೈಂಡರು. ಸ್ನೇಹಿತರೊಬ್ಬರ ಬಳಿ ಇದ್ದುದನ್ನು ಇಸಿದುಕೊಂಡು ಒಂದು ಸಂಜೆ ಗಾಂಧಿಬಜಾರಿನಲ್ಲಿ ಸುತ್ತಿದೆ. ಅದರ ಪ್ರಾಮಾಣಿಕತೆಗೆ ಎರಡು ಮಾತಿಲ್ಲ. ಲೆನ್ಸ್ ಕಂಡದ್ದೇ ಕಾಣುತ್ತದೆ, ಪೇಟ ಪೂರ್ತಿ ಉಳಿಯುತ್ತದೆ. ಆದರೆ ಹೂವಿನವಳ ಮುಖದ ಪಕ್ಕದಲ್ಲೇ ಶಟರ್ ವೇಗ, ಬ್ಯಾಟರಿಯ ಸ್ಥಿತಿ, ಬೆಳಕಿನ ನಕ್ಷೆ ಎಲ್ಲ ಬಂದು ನಿಂತರೆ ನಾನು ಅವಳನ್ನು ಬಿಟ್ಟು ಅಂಕಿಗಳ ಉಪಚಾರಕ್ಕೆ ಇಳಿಯುತ್ತೇನೆ. ನನ್ನ ಗಾಜಿನ ತುಂಡಿನಲ್ಲಿ ಗೆರೆಯ ಆಚೆಗೂ ರಸ್ತೆ ಇದೆ. ಸೈಕಲ್ಲಿನವನು ಚಿತ್ರದೊಳಕ್ಕೆ ಬರುವ ಮೊದಲೇ ಕಾಣುತ್ತಾನೆ, ಬರಲಿ ಎಂದು ಕಾಯಬಹುದು. ಒತ್ತಿದ ಗಳಿಗೆಯಲ್ಲೂ ಕತ್ತಲಾಗುವುದಿಲ್ಲ. ವಯಸ್ಸಾದ ಕಣ್ಣಿಗೆ ಇದು ಸಣ್ಣ ಉಪಕಾರವಲ್ಲ.

ಚೌಕಟ್ಟು ಕರಾರುವಾಕ್ಕಾಗಿ ಇರಲೇಬೇಕು ಎನ್ನುವವರಿಗೆ ನಾನು ಹೇಳುವ ಉದಾಹರಣೆ ಒಂದಿದೆ. 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ, ನಿಂತ ನೀರಿನ ಮೇಲೆ ಹಾರುತ್ತಿರುವ ಮನುಷ್ಯನ ಚಿತ್ರವನ್ನು ಛಾಯಾಗ್ರಾಹಕ ಕಾರ್ತಿಯೇ-ಬ್ರೆಸೋನ್ ತೆಗೆದದ್ದು ಹಲಗೆ ಬೇಲಿಯ ಸಂದಿಯಲ್ಲಿ. ಲೆನ್ಸ್ ತೂರುವಷ್ಟೇ ಜಾಗವಿತ್ತು, ವ್ಯೂಫೈಂಡರಿಗೆ ಇರಲಿಲ್ಲ ಎಂದು ಅವರೇ ಹೇಳಿದ್ದಾರೆ. ಚಿತ್ರವನ್ನು ಕತ್ತರಿಸುವುದನ್ನು ಒಪ್ಪದ ಮನುಷ್ಯ ಆ ಒಂದರ ಎಡಬದಿಗೆ ಕತ್ತರಿ ಹಾಕಬೇಕಾಯಿತು. ನನ್ನ ಉದಾಹರಣೆಗೆ ಮನೆಯಾಕೆ ಕೊಟ್ಟ ಉತ್ತರ: ‘ನೋಡದೇ ಅಷ್ಟು ಚೆನ್ನಾಗಿ ಬರತ್ತೆ ಅಂದ್ಮೇಲೆ ಈ ಗಾಜಿಗೆ ಅಷ್ಟು ದುಡ್ಡು ಯಾಕ್ರೀ ಹಾಕಿದ್ರಿ?’

ಆ ಪ್ರಶ್ನೆಯ ಬಿಸಿ ಆರುವ ಮೊದಲೇ ನಾನು ಇನ್ನೊಂದನ್ನು ಕೊಂಡದ್ದು ಸ್ವಲ್ಪ ಅವಸರವೇ ಆಯಿತು. ಅದು ಜರ್ಮನಿಯ ವಾಯ್ಟ್‌ಲೆಂಡರ್ ಕಂಪನಿಯ ಹಳೆಯ ‘ಕೊಂಟೂರ್’. ಅದರ ಮೂಲಕ ಏನೂ ಕಾಣುವುದಿಲ್ಲ. ಮುಂದಿನ ಬದಿ ಮುಚ್ಚಿದೆ. ಒಳಗೆ ಕಪ್ಪು ಕತ್ತಲು, ಅದರಲ್ಲಿ ಬಿಳಿಯ ಚೌಕಟ್ಟು. ಎರಡೂ ಕಣ್ಣು ತೆರೆದಿಟ್ಟುಕೊಳ್ಳಬೇಕು. ಒಂದು ಕಣ್ಣಿಗೆ ಚೌಕಟ್ಟು, ಇನ್ನೊಂದಕ್ಕೆ ಲೋಕ. ಎರಡನ್ನೂ ಒಂದರ ಮೇಲೊಂದು ಇಡುವ ಕೆಲಸ ಮಿದುಳಿನದು. ಸರಿಯಾಗಿ ಕೂಡಿದಾಗ ಬೀದಿಯ ನಡುವೆ ಗಾಳಿಯಲ್ಲೇ ಬಿಳಿ ಚೌಕಟ್ಟು ತೇಲುತ್ತದೆ. ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಇದರ ಮಹಿಮೆಯನ್ನು ಅವನಾದರೂ ಮೆಚ್ಚಿಯಾನೆಂದು ಕೈಗೆ ಕೊಟ್ಟೆ. ವಿವರಣೆ ಕೇಳುವ ವ್ಯವಧಾನ ಅವನಿಗಿಲ್ಲ. ಒಂದು ಕಣ್ಣು ಬಿಗಿಯಾಗಿ ಮುಚ್ಚಿ, ಇನ್ನೊಂದಕ್ಕೆ ಅದನ್ನು ಒತ್ತಿ, ಕಿಟಕಿಯ ಕಡೆ ತಿರುಗಿ, ಬಾಗಿಲ ಕಡೆ ತಿರುಗಿ, ದೀಪದ ಕೆಳಗೆ ಹಿಡಿದು ನೋಡಿದ. ಆಮೇಲೆ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಮೆಲ್ಲಗೆ ಹೇಳಿದ: ‘ಚಿಕ್ಕಪ್ಪ, ಬಿಲ್ ಇದ್ರೆ ವಾಪಸ್ ಮಾಡ್ಬಿಡಿ. ಇದು ಕೆಟ್ಟೋಗಿದೆ.’